ಪಟ್ಟಣದ ಕೋಟೆಯನ್ನು ನಡೆದು ನೋಡೋಣ ಬನ್ನಿ

ಕೇಳುಗರಿಗೆ ನಮಸ್ಕಾರ.

ಶ್ರೀರಂಗಪಟ್ಟಣಕ್ಕೆ ನೀವೆಲ್ಲ ಹೋಗಿಯೇ ಇರುತ್ತೀರಿ. ಮೈಸೂರಿನಿಂದ 15-16 ಕಿಲೋಮೀಟರ್. ನಮ್ಮ ಮಂಡ್ಯ ಕಡೆಯವರಿಗಂತೂ ಅದು ಬರೀ ‘ಪಟ್ಟಣ’. ಮನೆಗೆ ನೆಂಟರು ಬಂದರೆ ಕರೆದುಕೊಂಡು ಹೋಗುತ್ತೇವೆ. ರಂಗನಾಥನ ದರ್ಶನ, ಗುಂಬಜ್, ದರಿಯಾ ದೌಲತ್, ನಿಮಿಷಾಂಬ, ಸಂಗಮದಲ್ಲಿ ಕಾಲು ನೆನೆಸಿಕೊಂಡು ಸಂಜೆಗೆ ಕನ್ನಂಬಾಡಿ. ಆದರೆ ಕೋಟೆ? ಕೋಟೆಯನ್ನು ದಾಟಿಕೊಂಡು ಹೋಗುತ್ತೇವೆ ಅಷ್ಟೇ. ‘ನೋಡು, ಕೋಟೆ ಗೋಡೆ’ ಅಂತ ಯಾರೋ ಕೈ ತೋರಿಸುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ.

ನಾನು ಇತಿಹಾಸದ ಮೇಷ್ಟ್ರಾಗಿದ್ದವನು. ಕೆಲಸದಲ್ಲಿದ್ದಾಗ ಶಾಲೆಯ ಮಕ್ಕಳನ್ನು, ನಿವೃತ್ತಿಯಾದ ಮೇಲೆ ದೊಡ್ಡವರನ್ನು ಈ ಕೋಟೆಯೊಳಗೆ ನಡೆಸಿಕೊಂಡು ಹೋಗುತ್ತಾ ಬಂದಿದ್ದೇನೆ. ಇವತ್ತು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಕೂತಲ್ಲಿಂದಲೇ ಬನ್ನಿ.

ನಾನು ಯಾವತ್ತೂ ದೇವಸ್ಥಾನದಿಂದ ಶುರು ಮಾಡುವುದಿಲ್ಲ. ಊರಿನ ಪಶ್ಚಿಮದ ತುದಿಗೆ ಹೋಗುತ್ತೇನೆ. ಅಲ್ಲಿ ಕೋಟೆಯ ಮೇಲೆ ಒಂದು ಎತ್ತರದ ಕಲ್ಲಿನ ಕಂಬ ಇದೆ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ. ಇಂಗ್ಲಿಷರ ಫಿರಂಗಿಗಳು ಗೋಡೆ ಒಡೆದು, 1799ರ ಮೇ 4ರಂದು ಅವರ ದಂಡು ಒಳಗೆ ನುಗ್ಗಿದ ಜಾಗ ಇದೇ. ಜನ ಬಂದ ತಕ್ಷಣ ಕಂಬದ ಮೇಲಿನ ಬರಹ ಓದಲು ಹೋಗುತ್ತಾರೆ. ನಾನು ಅವರ ಭುಜ ಹಿಡಿದು ಹೊಳೆ ಕಡೆ ತಿರುಗಿಸುತ್ತೇನೆ. ಮೊದಲು ಹೊಳೆ ನೋಡಿ.

ಯಾಕೆ ಅಂದರೆ, ಈ ಪಟ್ಟಣಕ್ಕೆ ಮೊದಲ ಕೋಟೆ ಕಾವೇರಿ. ಹೊಳೆ ಎರಡಾಗಿ ಹರಿದು, ಊರನ್ನು ನಡುವೆ ಇಟ್ಟುಕೊಂಡು, ಕೆಳಗೆ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಕಲ್ಲಿನ ಕೋಟೆ ಆಮೇಲೆ ಬಂದದ್ದು. 1454ರಲ್ಲಿ ತಿಮ್ಮಣ್ಣ ನಾಯಕ ಕಟ್ಟಿಸಿದ ಅನ್ನುತ್ತಾರೆ. ಆಮೇಲೆ ಒಡೆಯರ ಕಾಲದಲ್ಲಿ, ಹೈದರ್, ಟಿಪ್ಪು ಕಾಲದಲ್ಲಿ ಬೆಳೆಯುತ್ತಾ ಹೋಯಿತು. ಆದರೆ ಹೊಳೆಗೆ ಒಂದು ಗುಣ ಇದೆ. ಅದು ವರ್ಷಪೂರ್ತಿ ಒಂದೇ ಥರ ಕಾವಲು ಕಾಯುವುದಿಲ್ಲ. ಜೂನ್ ಮುಗಿಯುವ ಹೊತ್ತಿಗೆ ಕೊಡಗಿನಲ್ಲಿ ಮಳೆ ಹಿಡಿದರೆ ಕಾವೇರಿ ಕೆಂಪಾಗಿ ಮೈದುಂಬಿ ಬರುತ್ತಾಳೆ. ಆಗ ಯಾವ ಸೈನ್ಯವೂ ದಾಟುವ ಹಾಗಿಲ್ಲ. ಬೇಸಿಗೆಯಲ್ಲಿ? ಬಂಡೆಗಳು ತಲೆ ಎತ್ತುತ್ತವೆ, ಮೊಣಕಾಲು ನೀರಿನಲ್ಲಿ ಆಚೆ ದಡಕ್ಕೆ ಹೋಗಬಹುದು. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಇಲ್ಲಿನ ಯುದ್ಧಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ನೋಡಿ, 1791ರ ಮೇ ತಿಂಗಳು. ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದೊಡ್ಡ ದಂಡು ಕಟ್ಟಿಕೊಂಡು ಅರಕೆರೆವರೆಗೆ ಬಂದ. ಅಲ್ಲಿನ ಕಾಳಗದಲ್ಲಿ ಗೆದ್ದ. ಆದರೂ ಪಟ್ಟಣ ಸಿಗಲಿಲ್ಲ. ಹೊಳೆ ದಾಟಿ ಇಂಗ್ಲಿಷರದೇ ಇನ್ನೊಂದು ದಂಡನ್ನು ಕೂಡಿಕೊಳ್ಳಬೇಕು ಅಂತ ಕನ್ನಂಬಾಡಿ ಕಡೆ ಹೋದ. ಅಷ್ಟರಲ್ಲಿ ಮಳೆ ಶುರುವಾಯಿತು. ಎತ್ತುಗಳು ಸತ್ತವು, ತಿನ್ನಲು ಕಾಳಿಲ್ಲ, ದಂಡಿನಲ್ಲಿ ರೋಗ. ಕೋಟೆ ಒಡೆಯಲು ಎಳೆದು ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ವಾಪಸ್ ಹೊರಟ. ಅವನ ಜೊತೆಗೂಡಿದ್ದ ಮರಾಠರ ದಂಡು ಸಿಕ್ಕಿದ್ದು ಮೇಲುಕೋಟೆ ಹತ್ತಿರ, ಎಲ್ಲ ಮುಗಿದ ಮೇಲೆ.

ಮುಂದಿನ ಸಲ ಅವನು ಬಂದದ್ದು 1792ರ ಫೆಬ್ರವರಿಯಲ್ಲಿ. ಮಳೆಗೆ ಇನ್ನೂ ನಾಲ್ಕು ತಿಂಗಳು ಇತ್ತು. ಈ ಸಲ ಟಿಪ್ಪು ಒಪ್ಪಂದಕ್ಕೆ ಕೂರಲೇಬೇಕಾಯಿತು. ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ. ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮಕ್ಕಳಿಗೆ ಪಾಠ ಮಾಡುವಾಗ ಈ ಕಡೆಯ ಮಾತು ಹೇಳಿದ ಮೇಲೆ ನಾನು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದೆ. ತರಗತಿಯೂ ಸುಮ್ಮನಾಗುತ್ತಿತ್ತು.

ಕೊನೆಯ ಸಲ 1799. ಜನರಲ್ ಹ್ಯಾರಿಸ್‌ನ ದಂಡು ಏಪ್ರಿಲ್ ಮೊದಲ ವಾರ ಇಲ್ಲಿಗೆ ಬಂತು. ಅವರಿಗೂ ಗೊತ್ತು, ಕೈಯಲ್ಲಿರುವುದು ಎರಡು ತಿಂಗಳು ಮಾತ್ರ. ದಂಡಿನ ದಿನಸಿ ಬೇರೆ ಖಾಲಿಯಾಗುತ್ತಾ ಬಂದಿತ್ತು. ಒಳಗಿದ್ದ ಟಿಪ್ಪು ಮಳೆ ಕಾಯುತ್ತಿದ್ದ, ಹೊರಗಿದ್ದವರು ಮಳೆಗೆ ಹೆದರುತ್ತಿದ್ದರು. ಮೇ 3ಕ್ಕೆ ಇಲ್ಲಿ, ನಾವು ನಿಂತಿರುವ ಈ ಮೂಲೆಯಲ್ಲಿ, ಗೋಡೆ ಬಿರುಕು ಬಿಟ್ಟು ಕುಸಿಯಿತು. ಮರುದಿನ ಮಧ್ಯಾಹ್ನ ಸುಡುಬಿಸಿಲಿನಲ್ಲಿ ಹೊಳೆ ದಾಟಿ ನುಗ್ಗಿದರು. ಕೆಲವೇ ನಿಮಿಷದಲ್ಲಿ ಬಿರುಕಿನ ಮೇಲೆ ಅವರ ಬಾವುಟ ಹಾರಿತು. ಆಮೇಲೆ ಒಂದು ತಂಡ ಉತ್ತರದ ಗೋಡೆ ಹಿಡಿದು, ಇನ್ನೊಂದು ದಕ್ಷಿಣದ ಗೋಡೆ ಹಿಡಿದು ಹೊರಟವು.

ನಾವೂ ಉತ್ತರದ ಕಡೆ ಹೋಗೋಣ. ಆದರೆ ಅದಕ್ಕೆ ಮೊದಲು ಗೋಡೆಯನ್ನೇ ಒಂದು ಸಲ ಹತ್ತಿರದಿಂದ ನೋಡಿ.

ಕೆಳಗೆ ಕಲ್ಲು. ದೊಡ್ಡ ದೊಡ್ಡ ಚಪ್ಪಡಿ. ಕೆಲವು ಕಲ್ಲಿನ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳಿಗಳು ಕಾಣುತ್ತವೆ. ಬಂಡೆ ಸೀಳಲು ಬೆಣೆ ಇಟ್ಟು ಹೊಡೆದ ಗುರುತು ಅದು. ಬೆರಳು ಇಟ್ಟರೆ ತುದಿ ಸರಿಯಾಗಿ ಕೂರುತ್ತದೆ. ಮೇಲೆ ಇಟ್ಟಿಗೆ, ಅದರ ಮೇಲೆ ಗಾರೆ. ಒಂದು ಸಲ ನಮ್ಮ ಜೊತೆ ಮಳವಳ್ಳಿ ಕಡೆಯ ಒಬ್ಬ ಅಜ್ಜ ಬಂದಿದ್ದರು. ವಯಸ್ಸಿನಲ್ಲಿ ಗಾರೆ ಕೆಲಸ ಮಾಡಿದವರು. ನಾನು ಯುದ್ಧದ ಕಥೆ ಹೇಳುತ್ತಿದ್ದರೆ ಅವರು ಗೋಡೆ ಪಕ್ಕದಲ್ಲೇ ಕೂತು, ಉದುರಿ ಬಿದ್ದಿದ್ದ ಒಂದು ಚೂರನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡುತ್ತಿದ್ದರು. ‘ಮೇಷ್ಟ್ರೇ, ಬನ್ನಿ ಇಲ್ಲಿ’ ಅಂತ ಕರೆದರು. ‘ಇದು ಎತ್ತು ಕಟ್ಟಿ ಅರೆದ ಗಾರೆ. ಎಷ್ಟು ನುಣ್ಣಗೈತೆ ನೋಡಿ.’

ಆಮೇಲೆ ಅರ್ಧ ಗಂಟೆ ಅವರೇ ಮೇಷ್ಟ್ರು. ಸುಣ್ಣದ ಕಲ್ಲು ಸುಡುವುದು, ನೀರು ಹಾಕಿ ಅರಳಿಸುವುದು, ದಿನಗಟ್ಟಲೆ ನೆನೆಹಾಕುವುದು. ಆಮೇಲೆ ಮರಳು ಸೇರಿಸಿ ಗಾಣಕ್ಕೆ ಹಾಕುವುದು. ನೆಲದಲ್ಲಿ ದುಂಡಗೆ ಕಟ್ಟಿದ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಚಕ್ರ, ಅದನ್ನು ಎಳೆಯುತ್ತಾ ಸುತ್ತುವ ಎತ್ತು. ಬೆಲ್ಲದ ನೀರನ್ನೂ ಹಾಕುತ್ತಿದ್ದರಂತೆ. ಕೊನೆಗೆ ಅವರು ಗೋಡೆಯಲ್ಲಿ ಯಾರೋ ಸಿಮೆಂಟು ಮೆತ್ತಿದ್ದ ಒಂದು ಜಾಗ ತೋರಿಸಿದರು. ಸಿಮೆಂಟು ಗಟ್ಟಿಯಾಗಿಯೇ ಇತ್ತು. ಅದರ ಸುತ್ತಲಿನ ಹಳೇ ಇಟ್ಟಿಗೆ ಪುಡಿ ಪುಡಿ. ‘ಗಾರೆ ನೀರು ಕುಡೀತದೆ, ಬಿಸಿಲು ಬಂದ್ರೆ ಬಿಟ್ಟುಬಿಡ್ತದೆ. ಸಿಮೆಂಟು ಬಿಡಾಕಿಲ್ಲ. ಆ ನೀರೆಲ್ಲ ಪಕ್ಕದ ಇಟ್ಟಿಗೆಗೆ ಹೋಗ್ತದೆ’ ಅಂದರು. ಅಷ್ಟು ವರ್ಷ ನಾನು ಆ ಗೋಡೆ ಮುಂದೆ ನಿಂತು ಪಾಠ ಮಾಡಿದ್ದೆ. ಅವತ್ತಿನಿಂದ ಗಾರೆಯ ವಿಷಯ ಹೇಳದೆ ನಾನು ಅಲ್ಲಿಂದ ಮುಂದೆ ಹೋಗುವುದಿಲ್ಲ.

ಉತ್ತರದ ಗೋಡೆ ಪಕ್ಕ ನಡೆದರೆ ಕರ್ನಲ್ ಬೇಲಿಯ ಹೆಸರಿನ ನೆಲಮಾಳಿಗೆ ಸಿಗುತ್ತದೆ. ಮೆಟ್ಟಿಲಿಳಿದು ಒಳಗೆ ಹೋದರೆ ಕಮಾನು ಕಮಾನಾಗಿ ಕಟ್ಟಿದ ತಗ್ಗು ಚಾವಣಿ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಣ್ಣಗೆ. ಗೋಡೆಯಲ್ಲಿ ತೂತು ಇರುವ ಕಲ್ಲಿನ ಚಪ್ಪಡಿಗಳಿವೆ. ಕೈದಿಗಳ ಸರಪಳಿ ಕಟ್ಟುತ್ತಿದ್ದದ್ದು ಅಲ್ಲಿಗೆ. ನಡುವೆ ಒಂದು ಫಿರಂಗಿ ಬಿದ್ದಿದೆ. ಮುತ್ತಿಗೆಯ ಸಮಯದಲ್ಲಿ ಮೇಲಿನ ಬತೇರಿಯಿಂದ ಚಾವಣಿ ಒಡೆದುಕೊಂಡು ಬಿದ್ದದ್ದು ಅನ್ನುತ್ತಾರೆ.

ಬೇಲಿ ಇಂಗ್ಲಿಷರ ಅಧಿಕಾರಿ, 1780ರಲ್ಲಿ ಪೊಳಲೂರಿನ ಯುದ್ಧದಲ್ಲಿ ಸೆರೆ ಸಿಕ್ಕವನು. 1782ರಲ್ಲಿ ಸೆರೆಯಲ್ಲೇ ಸತ್ತ. ಅದೇ ಯುದ್ಧದಲ್ಲಿ ಸಿಕ್ಕ ಇನ್ನೊಬ್ಬ ಅಧಿಕಾರಿ ಡೇವಿಡ್ ಬೇರ್ಡ್. ಮೂರೂವರೆ ವರ್ಷಕ್ಕೂ ಜಾಸ್ತಿ ಈ ಪಟ್ಟಣದಲ್ಲಿ ಸೆರೆಯಲ್ಲಿದ್ದು, 1784ರಲ್ಲಿ ಬಿಡುಗಡೆಯಾದ. 15 ವರ್ಷದ ಮೇಲೆ, ಬಿರುಕಿನಿಂದ ನುಗ್ಗಿದ ದಂಡಿನ ಮುಂದಾಳು ಅವನೇ. ಈ ನೆಲಮಾಳಿಗೆ ನೋಡಿದ ಮೇಲೆ ದರಿಯಾ ದೌಲತ್‌ಗೆ ಹೋಗಿ, ಪಶ್ಚಿಮದ ಗೋಡೆಯ ಚಿತ್ರ ನೋಡಿ. ಅದು ಪೊಳಲೂರಿನ ಯುದ್ಧದ್ದೇ. ಗಾಯವಾದ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಮೊದಲು ಚಿತ್ರ, ಆಮೇಲೆ ನೆಲಮಾಳಿಗೆ ನೋಡಿದವರಿಗೆ ಅವನು ನೂರಾರು ಮುಖಗಳಲ್ಲಿ ಒಂದು ಮುಖ. ನೆಲಮಾಳಿಗೆಯಿಂದ ಬಂದವರು ಅವನನ್ನು ಹುಡುಕಿ ಹುಡುಕಿ ನೋಡುತ್ತಾರೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ನೀರು ಬಾಗಿಲು. ಹೊಳೆಗೆ ಇಳಿಯುವ ದಾರಿ. ಟಿಪ್ಪುವಿನ ದೇಹ ಸಿಕ್ಕಿದ್ದು ಇದೇ ಕಡೆಯ ಬಾಗಿಲಿನ ಓಣಿಯಲ್ಲಿ, ಹೆಣಗಳ ರಾಶಿಯ ನಡುವೆ, ರಾತ್ರಿ ಪಂಜಿನ ಬೆಳಕಿನಲ್ಲಿ. ಈಗ ಅಲ್ಲೊಂದು ಕಲ್ಲು ಇದೆ. ಟಿಪ್ಪುವಿನ ಬಗ್ಗೆ ನಮ್ಮ ಜನರಲ್ಲಿ ಒಂದೊಂದು ಮನೆಗೆ ಒಂದೊಂದು ಮಾತು. ಆ ಕಲ್ಲಿನ ಹತ್ತಿರ ಮಾತ್ರ ನಾನು ಯಾರನ್ನೂ ವಾದ ಮಾಡಲು ಬಿಡುವುದಿಲ್ಲ. ಅವತ್ತು ಈ ಓಣಿಯಲ್ಲಿ ಸತ್ತವರಲ್ಲಿ ಹೆಚ್ಚಿನವರಿಗೆ ಕಲ್ಲೂ ಇಲ್ಲ, ಹೆಸರೂ ಇಲ್ಲ.

ಮರುದಿನ ಗುಂಬಜ್‌ನಲ್ಲಿ ತಂದೆಯ ಪಕ್ಕ ಟಿಪ್ಪುವನ್ನು ಮಣ್ಣು ಮಾಡಿದರು. ಆ ಸಂಜೆ ಭಾರಿ ಗುಡುಗು ಮಿಂಚು, ಮಳೆ. ಒಂದು ಬೇಸಿಗೆ ಮಳೆಗೆ ಹೊಳೆ ತುಂಬುವುದಿಲ್ಲ, ನಿಜ. ಆದರೂ ಆ ಮಳೆಯ ಮಾತು ಹೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಈಗ ದೇವಸ್ಥಾನದ ಮುಂದಿನ ಬಯಲಿಗೆ ಬನ್ನಿ. ಇಲ್ಲಿ ಲಾಲ್ ಮಹಲ್ ಇತ್ತು, ಟಿಪ್ಪುವಿನ ಅರಮನೆ. ಈಗ ತಳಪಾಯ ಮಾತ್ರ. ಅರಮನೆ ಎಲ್ಲಿ ಹೋಯಿತು ಅಂತ ಮಕ್ಕಳು ಕೇಳುತ್ತಾರೆ. ಅದರ ತೊಲೆಗಳು ಊಟಿಗೆ ಹೋದವು. ಅಲ್ಲಿನ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ಹೊತ್ತಿರುವುದು ಈ ಅರಮನೆಯ ಮರ. ಇನ್ನೊಂದು ಮಾತು ಮೈಸೂರಿನವರಿಗೆ. ಟಿಪ್ಪು ಮೈಸೂರಿನ ಹಳೇ ಕೋಟೆಯನ್ನು ಕೆಡವಿಸಿ ಕಲ್ಲುಗಳನ್ನು ನಜರ್‌ಬಾದಿಗೆ ಸಾಗಿಸಿದ್ದ. 1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟುವಾಗ ಮೈಸೂರಿನಲ್ಲಿ ಅರಮನೆ ಇರಲಿಲ್ಲ, ಚಪ್ಪರ ಹಾಕಿ ಪಟ್ಟ ಕಟ್ಟಿದರು. ಆಮೇಲೆ ಅದೇ ಕಲ್ಲುಗಳು ನಜರ್‌ಬಾದಿನಿಂದ ವಾಪಸ್ ಬಂದವು. ನಮ್ಮ ಊರುಗಳಲ್ಲಿ ಕಲ್ಲು ಕೂಡ ಎಷ್ಟು ಓಡಾಡಿದೆ, ಅಲ್ವಾ?

ರಂಗನಾಥನ ಗುಡಿ ಇಷ್ಟೆಲ್ಲಕ್ಕಿಂತ ಹಳೆಯದು. ಗಂಗರ ಕಾಲದ್ದು, 894 ಅನ್ನುತ್ತಾರೆ. ರಾಜ ಒಡೆಯರು ಪಟ್ಟಣವನ್ನು ಗೆದ್ದು ದಸರಾ ಶುರು ಮಾಡಿದ್ದು 1610ರಲ್ಲಿ. ಇದು ನಿಮಗೆ ಗೊತ್ತಿರುವುದೇ. ಆದರೆ ಅಲ್ಲೇ ಹತ್ತಿರ ನರಸಿಂಹಸ್ವಾಮಿ ಗುಡಿಯಲ್ಲಿ ಕಂಠೀರವ ನರಸರಾಜ ಒಡೆಯರ ವಿಗ್ರಹ ಇದೆ. ಕಪ್ಪು ಕಲ್ಲಿನಲ್ಲಿ, ಕೈಮುಗಿದು ನಿಂತ ರಾಜ. ದಯವಿಟ್ಟು ಅದನ್ನು ನೋಡದೆ ಬರಬೇಡಿ.

ಪಟ್ಟಣವನ್ನು ಪಾಳುಬಿದ್ದ ಊರು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕೋಟೆಯೊಳಗೆ ಜನ ಬಾಳುತ್ತಿದ್ದಾರೆ. ಬಾಗಿಲ ಮುಂದೆ ರಂಗೋಲಿ ಇದೆ, ಶಾಲೆಯ ಗಂಟೆ ಕೇಳುತ್ತದೆ. ಗೋಡೆಯನ್ನು ಸೀಳಿಕೊಂಡು ರೈಲು ಹೋಗುತ್ತದೆ. ಆ ರೈಲಿನ ಜೋಡಿ ಹಳಿಗೆ ಟಿಪ್ಪು ಕಾಲದ ಒಂದು ಮದ್ದುಗುಂಡಿನ ಮನೆ ಅಡ್ಡ ಬಂತು. ಕೆಡವಲಿಲ್ಲ. ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆ ಕಟ್ಟಡದ ಬುಡಕ್ಕೆ ಉಕ್ಕಿನ ತೊಲೆ ಕೊಟ್ಟು, ಜಾಕ್‌ನಿಂದ ಎತ್ತಿ, ನೂರಕ್ಕೂ ಜಾಸ್ತಿ ಮೀಟರ್ ದೂರ ಹಾಗೇ ಸರಿಸಿ ಇಟ್ಟರು. 2017ರಲ್ಲಿ. ಮನಸ್ಸು ಮಾಡಿದರೆ ನಮ್ಮ ಕಾಲದವರೂ ಇಂಥ ಕೆಲಸ ಮಾಡಬಲ್ಲರು.

ಅದೇ ಊರಿನಲ್ಲಿ ಗೋಡೆಯ ಸಂದಿಯಲ್ಲಿ ಅರಳಿ ಗಿಡ ಎದ್ದು ನಿಂತರೆ ವರ್ಷಗಟ್ಟಲೆ ಯಾರೂ ಗಮನಿಸುವುದಿಲ್ಲ. ಹಕ್ಕಿ ಹಿಕ್ಕೆಯಲ್ಲಿ ಬಂದ ಒಂದು ಬೀಜ. ಬೇರು ದಪ್ಪವಾದ ಹಾಗೆ ಇಟ್ಟಿಗೆ ಸರಿಯುತ್ತದೆ, ಆ ಸಂದಿಗೆ ನೀರು ಇಳಿಯುತ್ತದೆ. ಹಾಗಂತ ನೀವೇ ಹಿಡಿದು ಕಿತ್ತರೆ ಬೇರಿನ ಜೊತೆ ಗೋಡೆಯೂ ಬರುತ್ತದೆ. ಕತ್ತರಿಸಿ, ಬುಡ ಸಾಯುವ ಹಾಗೆ ಮಾಡಬೇಕು. ಅದು ಬಲ್ಲವರ ಕೆಲಸ. ನೀವು ಮಾಡಬೇಕಾದದ್ದು ಇಷ್ಟೇ. ಗಿಡ ಕಂಡ ಜಾಗದ ಫೋಟೋ ತೆಗೆದು ಪುರಾತತ್ವ ಇಲಾಖೆಯವರಿಗೆ ತಿಳಿಸಿ. ಒಂದು ಸಲ ಹೇಳಿ ಸುಮ್ಮನಾಗಬೇಡಿ, ಮತ್ತೆ ಹೇಳಿ.

ಹೋಗುವುದಾದರೆ ಬೆಳಗ್ಗೆ ಏಳಕ್ಕೆ ಅಲ್ಲಿರಿ. ಬಿಸಿಲು ಏರಿದ ಮೇಲೆ ಆ ಕಲ್ಲುಗಳ ಮೇಲೆ ನಡೆಯಲು ಆಗುವುದಿಲ್ಲ. ಗಟ್ಟಿ ಚಪ್ಪಲಿ ಹಾಕಿಕೊಳ್ಳಿ, ನೀರು ತಗೊಳ್ಳಿ. ಗೋಡೆ ಮೇಲೆ ಹತ್ತಬೇಡಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಹಾವಿರುತ್ತದೆ. ಮಕ್ಕಳಿದ್ದರೆ ಹೊಳೆ ಹತ್ತಿರ ಕೈ ಬಿಡಬೇಡಿ. ಮೇಲೆ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೆ ಬೇಸಿಗೆಯಲ್ಲೂ ಹೊಳೆ ಏರುತ್ತದೆ. ಪಶ್ಚಿಮದ ಆ ಕಂಬದ ಹತ್ತಿರದಿಂದಲೇ ಶುರು ಮಾಡಿ, ಹೊಳೆಗೆ ಮುಖ ಮಾಡಿ.

ನಮಸ್ಕಾರ.