ಪಾಸ್ತಾ ಆರುವ ಮೊದಲು

ಈಗ ವಿಡಿಯೋದಲ್ಲಿ ಕಾಣುತ್ತಿದೆಯಲ್ಲ ಈ ಇಟಾಲಿಯನ್ ಹೋಟೆಲಿನ ಬಾಗಿಲು, ಇದನ್ನು ನಾನು ಎರಡು ಸಲ ದಾಟಿ ಮುಂದೆ ಹೋಗಿದ್ದೆ. ಬೋರ್ಡು ಅಷ್ಟು ಚಿಕ್ಕದು. ಒಳಗೆ ಎಂಟೇ ಟೇಬಲ್. ಇದಕ್ಕೆ ಬೇರೆ ಬ್ರಾಂಚ್ ಇಲ್ಲ. ಒಲೆ ಮುಂದೆ ನಿಂತವರೇ ಮಾಲೀಕರು, ತಟ್ಟೆ ತಂದಿಡುವುದೂ ಬಿಲ್ ಬರೆಯುವುದೂ ಅವರ ಹೆಂಡತಿ. ಇನ್ನೂ ಹನ್ನೆರಡೂವರೆ, ಜನ ಬಂದಿರಲಿಲ್ಲ. ಅಡುಗೆಮನೆ ಕಾಣುವ ಸೀಟು ಹಿಡಿದು ಕೂತೆ.

ಮೆನು ಗೋಡೆಯ ಕಪ್ಪು ಹಲಗೆ ಮೇಲಿದೆ. ನಾಲ್ಕು ಪಾಸ್ತಾ, ಎರಡು ಪಿಜ್ಜಾ, ಒಂದು ಸಲಾಡ್, ಒಂದು ಸಿಹಿ. ಅಷ್ಟೇ. ಹತ್ತು ಪುಟದ ಮೆನು ಕೈಗೆ ಬಂದರೆ ನನಗೆ ಮೊದಲು ನೆನಪಾಗುವುದು ಅವರ ಫ್ರಿಜ್. ಇಲ್ಲಿ ಆ ಚಿಂತೆ ಬರಲಿಲ್ಲ.

ಪಿಜ್ಜಾ ತಿನ್ನೋಣ ಅಂತ ಬಂದವಳು ಹಲಗೆ ಮೇಲೆ 'ಕಾಚೊ ಎ ಪೆಪೆ' ನೋಡಿ ಮನಸ್ಸು ಬದಲಾಯಿಸಿದೆ. ಕಾಚೊ ಅಂದರೆ ಚೀಸ್, ಪೆಪೆ ಅಂದರೆ ಕಾಳುಮೆಣಸು. ರೋಮ್ ಕಡೆಯ ಅಡುಗೆ. ಪಾಸ್ತಾ, ಕುರಿ ಹಾಲಿನ ಪೆಕೊರಿನೊ ಚೀಸ್, ಮೆಣಸು, ಮೂರೇ ಸಾಮಾನು. ಕ್ರೀಮ್ ಇಲ್ಲ. ಕೇಳೋಕೆ ಸುಲಭ, ಅಲ್ವಾ? ಮನೆಯಲ್ಲಿ ಮೂರು ಸಲ ಮಾಡಿದ್ದೇನೆ. ಮೂರು ಸಲವೂ ಚೀಸ್ ಅಂಟಿನ ಉಂಡೆಯಾಗಿ ಒಂದು ಕಡೆ, ನೀರು ಇನ್ನೊಂದು ಕಡೆ.

ಹಾಗಾಗಿ ಇಲ್ಲಿ ಕಣ್ಣು ಮಿಟುಕಿಸದೆ ನೋಡಿದೆ. ಮೊದಲು ಕುಟ್ಟಿದ ಮೆಣಸನ್ನು ಒಣ ಬಾಣಲೆಯಲ್ಲಿ ಹುರಿದರು. ಘಮ ಬಂತು, ನನಗೆ ಸೀನೂ ಬಂತು. ಅದಕ್ಕೆ ಪಾಸ್ತಾ ಬೇಯುತ್ತಿದ್ದ ನೀರು ಒಂದು ಸೌಟು. ಪಾಸ್ತಾ ಪೂರ್ತಿ ಬೇಯುವ ಮೊದಲೇ ಎತ್ತಿ ಈ ಬಾಣಲೆಗೆ ಹಾಕಿದರು, ಉಳಿದದ್ದು ಇಲ್ಲೇ ಬೆಂದಿತು. ಚೀಸನ್ನು ತುಂಬಾ ಸಣ್ಣಗೆ ತುರಿದು, ಸ್ವಲ್ಪ ಆರಿದ ಅದೇ ನೀರಿನಲ್ಲಿ ಮೊದಲೇ ಕಲಸಿಟ್ಟಿದ್ದರು. ಆಮೇಲೆ ಒಲೆ ಆರಿಸಿ ಸುಮ್ನೆ ನಿಂತರು. ನಾನು ಎಡವಿದ್ದೇ ಇಲ್ಲಿ ನೋಡಿ. ನಾನು ಉರಿ ಮೇಲೇ ಚೀಸ್ ಸುರಿಯುತ್ತಿದ್ದೆ. ಬಿಸಿ ಜಾಸ್ತಿಯಾದರೆ ಚೀಸಿನ ಪ್ರೋಟೀನ್ ಒಂದಕ್ಕೊಂದು ಹಿಡಿದುಕೊಂಡು ಗಂಟಾಗುತ್ತದೆ. ಪಾಸ್ತಾ ಬೆಂದ ನೀರಿನಲ್ಲಿರುವ ಪಿಷ್ಟ ಅದನ್ನು ತಡೆಯುತ್ತದೆ. ಅದಕ್ಕೇ ಆ ನೀರನ್ನು ಸಿಂಕಿಗೆ ಚೆಲ್ಲಬಾರದು.

ಚೀಸ್ ಹಾಕಿ ಗರಗರ ತಿರುಗಿಸಿದರು. ಅರ್ಧ ನಿಮಿಷದಲ್ಲಿ ಕೆನೆಯಂಥ ಸಾಸ್.

ತಟ್ಟೆ ಬಂತು. ನಾನು ಮಾಡಿದ್ದೇನು? ಶೂಟಿಂಗ್. ಮೇಲಿಂದ ಒಂದು ಶಾಟ್, ಪಕ್ಕದಿಂದ ಒಂದು, ಫೋರ್ಕಿನಲ್ಲಿ ಎತ್ತುವ ಸ್ಲೋ ಮೋಷನ್ ಒಂದು. ಬೆಳಕು ಸರಿಯಿಲ್ಲ ಅಂತ ಮತ್ತೊಮ್ಮೆ. ಕೊನೆಗೆ ತಿನ್ನೋಕೆ ಹೋದರೆ, ಪಾಸ್ತಾ ಪೂರಾ ಗೂಡಿನ ಹಾಗೆ ಫೋರ್ಕಿಗೆ ಅಂಟಿಕೊಂಡು ಮೇಲೆ ಬಂತು. ಈ ಕ್ಲಿಪ್ಪನ್ನು ತೆಗೆದುಹಾಕೋಣ ಅಂದುಕೊಂಡಿದ್ದೆ, ಇರಲಿ ಅಂತ ಬಿಟ್ಟೆ.

ಮಾಲೀಕರು ನೋಡಿದರು. ಏನೂ ಅನ್ನಲಿಲ್ಲ. ಒಂದು ಚಮಚ ಬಿಸಿ ನೀರು ತಂದು ತಟ್ಟೆಗೆ ಹಾಕಿ, ಎರಡು ಸುತ್ತು ತಿರುಗಿಸಿದರು. ಸಾಸ್ ಮತ್ತೆ ಸಡಿಲವಾಯಿತು. "ಮೊದಲು ತಿನ್ನಿ" ಅಂದು ಒಲೆ ಕಡೆ ಹೋದರು.

ಫೋನ್ ಬ್ಯಾಗಿಗೆ ಹೋಯಿತು.

ರುಚಿ ಹೇಗಿತ್ತು? ಅಲ್ ದೆಂತೆ ಅನ್ನುತ್ತಾರಲ್ಲ, ಹಲ್ಲಿಗೆ ಸಿಗುವ ಹದ, ಅದು ಪಕ್ಕಾ ಇತ್ತು. ಮೆಣಸಿನ ಖಾರ ನಾಲಿಗೆಗಿಂತ ಗಂಟಲಿಗೆ ಮೊದಲು ಗೊತ್ತಾಯಿತು. ಉಪ್ಪು ಮಾತ್ರ ಒಂಚೂರು ಜಾಸ್ತಿ. ಪೆಕೊರಿನೊ ಚೀಸೇ ಉಪ್ಪುಪ್ಪು, ಒಪ್ಪುತ್ತೇನೆ. ಆದರೂ ನೀರಿಗೆ ಇನ್ನು ಸ್ವಲ್ಪ ಕಡಿಮೆ ಹಾಕಬಹುದಿತ್ತು.

ತಟ್ಟೆಯಲ್ಲಿ ಸಾಸ್ ಉಳಿದಿತ್ತು. ಮಾಲೀಕರ ಹೆಂಡತಿ ಕೇಳದೆಯೇ ಎರಡು ತುಂಡು ಬ್ರೆಡ್ ತಂದಿಟ್ಟರು. ಬ್ರೆಡ್ಡಿನಲ್ಲಿ ತಟ್ಟೆ ಬಳಿದು ತಿನ್ನುವುದಕ್ಕೆ ಇಟಲಿಯಲ್ಲಿ 'ಸ್ಕಾರ್ಪೆತ್ತಾ' ಅಂತ ಒಂದು ಹೆಸರೇ ಇದೆ. ಪದಶಃ ಅರ್ಥ ಪುಟ್ಟ ಶೂ. ಚೆನ್ನಾಗಿ ಬಳಿದೆ. ಅದರ ಶಾಟ್ ಇಲ್ಲ.

ಆಮೇಲೆ ತಿರಾಮಿಸು ತೆಗೆದುಕೊಂಡೆ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಮೇಲೆ ಮಸ್ಕಾರ್ಪೋನೆ ಅನ್ನುವ ಕೆನೆಯಂಥ ಚೀಸ್, ಕೋಕೋ ಪುಡಿ. ಹೆಸರಿನ ಅರ್ಥ 'ನನ್ನನ್ನು ಮೇಲೆತ್ತು' ಅಂತ. ನನಗಂತೂ ಕೂತಲ್ಲೇ ಕಣ್ಣು ಎಳೆಯಿತು. ಅದರದ್ದೂ ಶಾಟ್ ಇಲ್ಲ. ಹೊರಡುವ ಮೊದಲು ನೆನಪಾಗಿ ಫೋನ್ ತೆಗೆದೆ. ಈಗ ನೀವು ನೋಡುತ್ತಿರುವುದು ಖಾಲಿ ಬಟ್ಟಲು, ಒಂದು ಚಮಚ.