ಮೆಟಾಡೋರಿಗಿ ಹೊಸ ಡೀಸೆಲ್ ಪಂಪು, ಹತ್ತು ರೂಪಾಯಿ ವಾಶರಿನ ತ್ರಾಸು

ನಮಸ್ಕಾರ್ರಿ ಎಲ್ಲಾರಿಗೂ. ಇನ್ನಾ ಎಂಟು ಹೊಡದಿಲ್ಲ, ಕಲಬುರಗಿ ಬಿಸಲು ಆಗ್ಲೇ ಬೆನ್ನು ಸುಡ್ಲಕತ್ತದ. ಹಿಂದ ನಿಂತದ್ದು ನಮ್ಮ ಅಪ್ಪಾರ 1996ರ ಮೆಟಾಡೋರ್. ಟ್ಯಾಂಕಿನಿಂದ ಡೀಸೆಲ್ ಎಳದು ಇಂಜಿನ್ ಕಡಿ ದಬ್ಬೋ ಕರೆಂಟಿನ ಪಂಪು ಇದಕ್ಕ ಕುಂದ್ರಸ್ಲಕತ್ತೀವಿ. ತೊಗರಿ ರಾಶಿ ಮುಗೀತಂದ್ರ ಹೊಲದಿಂದ ದಾಲ್ ಮಿಲ್ಲಿಗಿ ಇದೇ ತಿರಗಾಡ್ತದ.

ಬಿಚ್ಚೂದು ಕಾಣ್ಲಕತ್ತದಲ್ರಿ, ಅದೇನು ಹೇಳಂಗಿಲ್ಲ. ಈ ಬಾಟ್ಲಿ ಮಾತ್ರ ಹತ್ರಿಂದ ನೋಡ್ರಿ. ಟ್ಯಾಂಕಿನ ತಳದ ಡೀಸೆಲ್, ರಾತ್ರಿ ಪೂರಾ ಇಟ್ಟಿದ್ದೆ. ಮ್ಯಾಲ ಡೀಸೆಲು, ತಳದಾಗ ಒಂದು ಬೆರಳಷ್ಟು ನೀರು, ನಡುವ ಕರೇ ರಾಡಿ. ಇಂಜಿನ್ನಿಗಿ ಡೀಸೆಲ್ ಚಿಮ್ಮಸೋ ಹಳೇ ಇಂಜೆಕ್ಷನ್ ಪಂಪು ಬ್ಯಾರೆ ಅದ; ಅದರೊಳಗ ಹಿಂದ ಮುಂದ ಆಡೋ ಪ್ಲಂಜರಿಗಿ ಡೀಸೆಲೇ ಎಣ್ಣಿ. ನೀರು ಹೊಕ್ಕರ ಜಂಗ್ ಹಿಡಿತದ. ನಮ್ಮ ಮೆಕ್ಯಾನಿಕ್ ಉಸ್ತಾದ್ರು ಆ ಇಂಜೆಕ್ಷನ್ ಪಂಪಿಗಿ ಇನ್ನಾ ಮೈಕೋ ಪಂಪು ಅಂತಾರ. ಮೈಕೋ ಕಂಪನಿ 2008ರಾಗೇ ಬಾಶ್ ಆಯ್ತು, ಗ್ಯಾರೇಜಿನ್ಯಾಗ ಹೆಸರು ಬದ್ಲಾಗಿಲ್ಲ.

ಹಾಂ, ಜೋಡಿಸೋದು. ಮೊದಲ ನೀರು ತಡಿಯೋ ಸೆಪರೇಟರ್, ಆಮ್ಯಾಲ ಕರೆಂಟಿನ ಪಂಪು, ಆಮ್ಯಾಲ ಕಾಗದದ ಫಿಲ್ಟರ್. ಪಂಪು ಮೊದಲಿಟ್ರ ನೀರು ಡೀಸೆಲು ಕಲಕಿ ಒಂದಾಗಿಬಿಡ್ತಾವ. ಹೋದ ಸಲ ಈ ಕರೆಂಟಿನ ಪಂಪು ಸುಮ್ನ ರೊಕ್ಕ ದಂಡ ಅಂದಿದ್ದೆ. ಆ ಮಾತು ವಾಪಸ್ ತಗೊಂಡೀನಿ.

ಈಗ ಆ ವಾಶರಿನ ಮಾತು. ಎಲ್ಲಾ ಹೊಸಾದು ಹಾಕಿ, ಸೆಪರೇಟರಿನ ಬೋಲ್ಟಿಗಿ ಹಳೇ ತಾಂಬ್ರದ ವಾಶರನ್ನೇ ಹಾಕಿದ್ದೆ. ಹೊಸಾದಕ್ಕ ಹತ್ತು ರೂಪಾಯಿ! ಜೇವರ್ಗಿ ರಸ್ತೆದಾಗ ಮಟಮಟ ಮಧ್ಯಾಹ್ನ ಮೂರು ಸಲ ಗಾಡಿ ಬಂದ್ ಬಿತ್ತು. ಕೆಳಗ ಮಕ್ಕೊಂಡು ಹುಡುಕಿದ್ರ ಎಲ್ಲೂ ಒಂದು ಹನಿ ಸೋರಿಲ್ಲ. ಎರಡು ದಿನ ಹೋದ್ವು. ಕಡೀಗಿ ಉಸ್ತಾದ್ರು ನಡುವ ಆರಪಾರ ಕಾಣೋ ಪೈಪಿನ ತುಂಡು ಹಾಕಿದ್ರು. ಸಾಸಿವಿ ಕಾಳಿನಂಥ ಗುಳ್ಳಿ, ಒಂದರ ಹಿಂದ ಒಂದು! "ತಮ್ಮಾ, ಎಳಿಯೋ ಕಡಿ, ಅಂದ್ರ ಟ್ಯಾಂಕಿನಿಂದ ಪಂಪಿನ ತನಕ, ಸೋರಿದ್ರ ಡೀಸೆಲ್ ಹೊರಗ ಬರಂಗಿಲ್ಲ, ಗಾಳಿ ಒಳಗ ಬರ್ತದ" ಅಂದ್ರು. ಪಂಪಿನ ಮುಂದಿನ ದಬ್ಬೋ ಕಡಿ ಆದ್ರ ತೊಟ್ಟಿಕ್ಕಿ ತಾನೇ ತೋರಸ್ತದ. ಅದಕ್ಕೇ ಈಗ ಪಂಪು ಟ್ಯಾಂಕಿನ ಮಗ್ಗಲಕ್ಕೇ ಕುಂದ್ರಸೀನಿ. ಎಳಿಯೋ ಪೈಪು ಎಷ್ಟು ಗಿಡ್ಡ ಇದ್ರ ಅಷ್ಟು ಛಲೋ.

ಒಮ್ಮಿ ಒತ್ತಿ ಕುಂತ ತಾಂಬ್ರ ಗಟ್ಟಿ ಆಗಿಬಿಡ್ತದ, ಮತ್ತ ಸರಿ ಕೂಡಂಗಿಲ್ಲ. ಹಳೇದೇ ಬೇಕಂದ್ರ ಕೆಂಪಗ ಕಾಸಿ ನೀರಾಗ ಅದ್ದಬೇಕು, ಮೆತ್ತಗಾಗ್ತದ. ಹೊಸಾದು ತರ್ರಿ, ಸುಮ್ನ!

ವೈರಿಂಗ್ ಬೇಗ ಹೇಳ್ತೀನಿ: ಫ್ಯೂಸು, ರಿಲೇ, ನಡುವ ಆಯಿಲ್ ಪ್ರೆಶರ್ ಸ್ವಿಚ್ಚು. ಗಾಡಿ ಎಲ್ಲಾದ್ರೂ ಬಡದು ಇಂಜಿನ್ ನಿಂತ್ರ ಪಂಪೂ ನಿಲ್ಲಬೇಕು; ಆಯಿಲ್ ಪ್ರೆಶರ್ ಇಳದ ಕೂಡ್ಲೇ ಈ ಸ್ವಿಚ್ಚು ಪಂಪಿನ ಕರೆಂಟ್ ಕಡಿತದ. ಇಂಜಿನ್ ಬಂದಿದ್ದಾಗ ಪಂಪು ಓಡಸಿ ಪೈಪಿನ ಗಾಳಿ ತಗೀಲಕ್ಕ ಒಂದು ಬಟನ್ ಬ್ಯಾರೆ ಇಟ್ಟೀವಿ.

ಒತ್ತೀನಿ ನೋಡ್ರಿ. ಟಿಕ್ ಟಿಕ್ ಕೇಳ್ತದಿಲ್ಲೋ? ಉಸ್ತಾದ್ರು ಗಾಳಿ ಬಿಡೋ ಬ್ಲೀಡ್ ಸ್ಕ್ರೂ ಸಡಲ ಮಾಡ್ಯಾರ. ಬುರುಗು... ಇನ್ನಾ ಬುರುಗು... ಈಗ ಬರೀ ಡೀಸೆಲು. ಬಿಗೀರಿ ಉಸ್ತಾದ್, ಸೆಲ್ಫ್ ಹೊಡಿತೀನಿ.