ಮೂಗು ಚಪ್ಪಟೆಯಾದ ದೊರೆ: ಮೇರಿಲ್ಯಾಂಡಿನ ಬೆಳ್ಳಿ ಅರ್ಧ ಡಾಲರ್

ಗೆಳೆಯರೇ, ಇವತ್ತು ಒಂದೇ ಒಂದು ನಾಣ್ಯದ ಮಾತು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಇಂಗ್ಲಿಷ್ ವಸಾಹತಾಗಿ ನೆಲೆಗೊಂಡು ಮುನ್ನೂರು ವರ್ಷ ತುಂಬಿದ್ದಕ್ಕೆ 1934ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆ ಹೊರತಂದ ಬೆಳ್ಳಿಯ ಅರ್ಧ ಡಾಲರ್. ಕಾಯಿದೆ ಒಪ್ಪಿದ್ದು 25,000, ಅಚ್ಚಾದದ್ದು 25,015. ಮೇಲಿನ ಹದಿನೈದು ಲೋಹಪರೀಕ್ಷೆಗೆ ಮೀಸಲಾದವು. ಮಾರಿದ್ದು ತಲಾ ಒಂದು ಡಾಲರಿಗೆ, ಅಂದರೆ ಮುಖಬೆಲೆಯ ಎರಡರಷ್ಟಕ್ಕೆ. ವಿನ್ಯಾಸ ಬಾಲ್ಟಿಮೋರಿನ ಶಿಲ್ಪಿ ಹಾನ್ಸ್ ಶೂಲರ್ ಅವರದು.

ಒಂದು ಬದಿಯಲ್ಲಿ ಚರಿತ್ರೆ, ಇನ್ನೊಂದು ಬದಿಯಲ್ಲಿ ರಾಜ್ಯದ ಲಾಂಛನ. ಲಾಂಛನದ ಬದಿ ಭದ್ರವಾಗಿದೆ, ಎಡವಿದ್ದು ಚರಿತ್ರೆಯ ಬದಿ ಎಂಬುದು ನನ್ನ ವಾದ.

ಮೊದಲು ಲಾಂಛನ. ಗುರಾಣಿ ನಾಲ್ಕು ಭಾಗವಾಗಿದೆ. ಮೇಲಿನ ಎಡ ಮತ್ತು ಕೆಳಗಿನ ಬಲ ಭಾಗ ಮೇರಿಲ್ಯಾಂಡನ್ನು ಸ್ಥಾಪಿಸಿದ ಕ್ಯಾಲ್ವರ್ಟ್ ಮನೆತನದ್ದು: ಚಿನ್ನ, ಕಪ್ಪು ಎಂದು ಆರು ಲಂಬ ಪಟ್ಟಿ, ಅವುಗಳ ಮೇಲೆ ಎಡದಿಂದ ಬಲಕ್ಕಿಳಿಯುವ ಒಂದು ಓರೆಪಟ್ಟಿ. ಓರೆಪಟ್ಟಿ ಹಾದುಹೋಗುವಲ್ಲೆಲ್ಲ ಬಣ್ಣ ಅದಲುಬದಲು. ಚಿನ್ನವಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಚಿನ್ನ. ಉಳಿದೆರಡು ಭಾಗ ಅವರ ನೆಂಟರಾದ ಕ್ರಾಸ್‌ಲ್ಯಾಂಡ್ ಮನೆತನದವು: ಕೆಂಪು ಬಿಳುಪಿನಲ್ಲಿ ಒಂದು ಶಿಲುಬೆ, ಅದರ ತುದಿಗಳಲ್ಲಿ ಮೂರು ಮೂರು ಗುಂಡುಮೊಗ್ಗು. ಅಲ್ಲೂ ಅದೇ ಅದಲುಬದಲಾಟ. ಗುರಾಣಿಯ ಆಚೆ ಈಚೆ ಒಬ್ಬ ರೈತ, ಒಬ್ಬ ಬೆಸ್ತ.

ಸರಿ, ಬಣ್ಣವೇ ಇಲ್ಲದ ಬೆಳ್ಳಿಯಲ್ಲಿ ಇದನ್ನೆಲ್ಲ ಹೇಳುವುದು ಹೇಗೆ? ಲಾಂಛನಶಾಸ್ತ್ರದಲ್ಲಿ ಇದಕ್ಕೆ ಹಳೆಯ ಸಂಕೇತವಿದೆ. ಚಿನ್ನಕ್ಕೆ ಚುಕ್ಕಿ, ಬೆಳ್ಳಿಗೆ, ಅಂದರೆ ಬಿಳುಪಿಗೆ, ಖಾಲಿ, ಕೆಂಪಿಗೆ ಲಂಬ ಗೆರೆ, ನೀಲಿಗೆ ಅಡ್ಡ ಗೆರೆ, ಕಪ್ಪಿಗೆ ಅಡ್ಡ-ಲಂಬ ಎರಡೂ ಸೇರಿದ ಜಾಲರಿ. ಕಾಗದದ ಮೇಲೆ ಸುಲಭ. 30.6 ಮಿ.ಮೀ. ವ್ಯಾಸದ ನಾಣ್ಯದಲ್ಲಿ ಗೆರೆಗಳು ತೀರಾ ಒತ್ತಾದರೆ ಅಚ್ಚಿನ ಸಂದಿಗಳಲ್ಲಿ ಜಿಡ್ಡು ಕೂತು ಮುಚ್ಚಿಹೋಗುತ್ತವೆ. ತೀರಾ ಬಿಡಿಯಾದರೆ ಜಾಲರಿ ಬರೀ ಗೀರಿನಂತೆ ಕಾಣುತ್ತದೆ. ಹಾಗಾಗಿ ಶಿಲ್ಪಿಗಳು ಎಷ್ಟೋ ಸಲ ಒಂದು ಬಣ್ಣವನ್ನು ಉಬ್ಬಾಗಿಯೂ ಇನ್ನೊಂದನ್ನು ತಗ್ಗಾಗಿಯೂ ಬಿಟ್ಟು ಪಾರಾಗುತ್ತಾರೆ. ಬಣ್ಣ ಹೋದರೂ ಅದಲುಬದಲು ಉಳಿಯುತ್ತದೆ.

ಇನ್ನು ಚರಿತ್ರೆಯ ಬದಿ, ಅಂದರೆ ಮುಖವಿರುವ ಬದಿ. ಇಲ್ಲಿರುವವನು ಸಿಸಿಲ್ ಕ್ಯಾಲ್ವರ್ಟ್, ಎರಡನೇ ಲಾರ್ಡ್ ಬಾಲ್ಟಿಮೋರ್. 1632ರಲ್ಲಿ ಇಂಗ್ಲೆಂಡಿನ ಅರಸ ಒಂದನೇ ಚಾರ್ಲ್ಸ್‌ನಿಂದ ಮೇರಿಲ್ಯಾಂಡ್ ವಸಾಹತಿನ ಸನ್ನದು ಪಡೆದವನು. ತಾನು ಮಾತ್ರ ಮೇರಿಲ್ಯಾಂಡಿಗೆ ಕಾಲಿಡಲೇ ಇಲ್ಲ. ತಮ್ಮ ಲಿಯೊನಾರ್ಡ್‌ನನ್ನು ಕಳಿಸಿದ. ಆರ್ಕ್, ಡವ್ ಎಂಬ ಎರಡು ಹಡಗುಗಳಲ್ಲಿ ಜನ ಬಂದಿಳಿದದ್ದು 1634ರ ಮಾರ್ಚಿನಲ್ಲಿ. ಸಿಸಿಲ್ ಕ್ಯಾಥೊಲಿಕ್, ಅರಸನ ಪಕ್ಷದವನು. ನಾಣ್ಯದಲ್ಲಿ ಅವನ ಕೊರಳಿಗೆ ಬಿದ್ದ ಪಟ್ಟಿ ಪ್ಯೂರಿಟನ್ನರದು, ಅಂದರೆ ಕ್ಯಾಥೊಲಿಕ್ಕರನ್ನು ವಿರೋಧಿಸಿದ ಕಟ್ಟಾ ಪ್ರೊಟೆಸ್ಟಂಟರದು, ಎಂಬ ಆಕ್ಷೇಪ ಹಳೆಯದು. ಎದುರಾಳಿಯ ಬಟ್ಟೆ ತೊಡಿಸಿದ ಹಾಗೆ!

ಕೊರಳಪಟ್ಟಿಗಿಂತ ಸಂಗ್ರಾಹಕರಿಗೆ ತಲೆನೋವು ಮೂಗು. ಮುಖ ಬಹುಪಾಲು ನಮ್ಮತ್ತಲೇ ತಿರುಗಿದೆ. ಮೂಗು ಅತಿ ಎತ್ತರದ ಜಾಗ, ಎಂದರೆ ಅಚ್ಚಿನ ಅತಿ ಆಳದ ಗುಂಡಿ. ಒತ್ತು ಬಿದ್ದಾಗ ಬಿಲ್ಲೆಯ, ಅಂದರೆ ಇನ್ನೂ ಅಚ್ಚಾಗದ ಖಾಲಿ ತುಂಡಿನ, ಬೆಳ್ಳಿ ಆ ತಳದವರೆಗೆ ಹರಿಯಬೇಕು. ಒತ್ತು ಸಾಲದಿದ್ದರೆ ಮೂಗಿನ ತುದಿ ಹುಟ್ಟುತ್ತಲೇ ಚಪ್ಪಟೆ. ಬಳಕೆಯಲ್ಲಿ ಮೊದಲು ಸವೆಯುವುದೂ ಅದೇ. ಹಾಗಾದರೆ ಯಾವುದು ಸವಕಲು, ಯಾವುದು ದುರ್ಬಲ ಅಚ್ಚು?

ಒಂದೇ ದೀಪದ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ವಾಲಿಸಿ. ಹತ್ತು ಪಟ್ಟು ಮಸೂರ ಸಾಕು. ಅಚ್ಚು ತುಂಬದ ಮೂಗಿನ ಮೇಲೆ ಬಿಲ್ಲೆಯ ಮೂಲ ತರಿ, ಸಣ್ಣ ಗೀರು ಹಾಗೇ ಉಳಿದಿರುತ್ತವೆ. ಸುತ್ತಲ ಕೆನ್ನೆ, ಹಣೆಯ ಹೊಳಪು ಕಡಿಯದೆ ಸುತ್ತುತ್ತದೆ. ಸವೆದದ್ದಾದರೆ ತರಿ ಇರುವುದಿಲ್ಲ. ಮಂಕಾದ ಬೂದು ಕಲೆ ಕಾಣುತ್ತದೆ, ಹೊಳಪು ಅಲ್ಲಿ ತುಂಡಾಗುತ್ತದೆ, ಹುಬ್ಬು, ಕೂದಲಿನ ಎತ್ತರದ ಗೆರೆಗಳೂ ಅಷ್ಟೇ ಮಾಸಿರುತ್ತವೆ.

ಲೋಹ ಶೇ. 90 ಬೆಳ್ಳಿ, ಶೇ. 10 ತಾಮ್ರ. ತೂಕ 12.5 ಗ್ರಾಂ, ಅದರಲ್ಲಿ ಬೆಳ್ಳಿ 11.25 ಗ್ರಾಂ. ಅಂಚಿನಲ್ಲಿ ಗೀರುಹಲ್ಲು. ನಾಣ್ಯ ನಕಲಿಯೇ ಎಂಬ ಅನುಮಾನ ಬಂದರೆ ಉಜ್ಜಿ ನೋಡಬೇಡಿ, ನೀರಲ್ಲಿ ತೂಗಿ. 0.01 ಗ್ರಾಂ ತೋರುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಸಣ್ಣ ನೂಲಿನಲ್ಲಿ ನಾಣ್ಯ ತೂಗುಬಿಟ್ಟು ಪೂರ್ತಿ ಮುಳುಗಿಸಿ. ತಳಕ್ಕೆ, ಗೋಡೆಗೆ ತಾಗಬಾರದು. ತಕ್ಕಡಿ ಸುಮಾರು 1.21 ತೋರಬೇಕು. ಅದೇ ತೂಕದ ತಾಮ್ರ-ನಿಕ್ಕಲ್ ಬಿಲ್ಲೆಗೆ ಬೆಳ್ಳಿ ಲೇಪಿಸಿದ್ದರೆ 1.40ರ ಆಸುಪಾಸು. ಗುಳ್ಳೆ ಅಂಟಿದ್ದರೆ ಅಂಕಿ ಸುಳ್ಳಾಗಿಯೇ ಏರುತ್ತದೆ. ನೂಲನ್ನು ಮೆಲ್ಲಗೆ ಅಲುಗಿಸಿ ಗುಳ್ಳೆ ಬಿಡಿಸಿ.

ಪಿವಿಸಿ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಹಸಿರು ಜಿಡ್ಡು ಹತ್ತಿದ್ದರೆ, ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ, ಶುದ್ಧ ಅಸಿಟೋನಿನಲ್ಲಿ ಅದ್ದಿ ತಾನಾಗೇ ಆರಲು ಬಿಡಿ. ಬಟ್ಟೆಯಿಂದ ಒರೆಸಲೇಬೇಡಿ. ಪಾಲಿಶ್ ಹಾಕಿದ ಕೂಡಲೇ ಮೂಗಿನ ಮೇಲಿನ ಆ ತರಿಯೂ ಗೀರೂ ಅಳಿಸಿಹೋಗುತ್ತವೆ. ಆಮೇಲೆ ಅಚ್ಚು ತುಂಬದ್ದೋ ಸವೆದದ್ದೋ ಯಾರೂ ಹೇಳಲಾರರು.